ನದಿ ಕೆಳಕ್ಕೆ, ಗಾಳಿ ಎದುರಿಗೆ

ಹೊಳೆ ಹರಿಯುವ ದಿಕ್ಕಿನಲ್ಲೇ ಸೈಕಲ್ ತುಳಿದರೆ ಕೆಲಸ ಹಗುರ ಅಂತ ನಾವಿಬ್ಬರೂ ನಂಬಿದ್ದೆವು. ಆಸ್ಟ್ರಿಯಾದ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ, ಡ್ಯಾನ್ಯೂಬ್ ದಂಡೆಯಲ್ಲಿ ಸುಮಾರು 36 ಕಿಲೋಮೀಟರ್. ವಾಖಾವ್ ಅಂತ ಈ ಕಣಿವೆಯ ಹೆಸರು. ನದಿ ಕೆಳಗೆ ಹೋಗುತ್ತೆ, ನಾವೂ ಕೆಳಗೆ ಹೋಗ್ತೀವಿ, ಅಷ್ಟೇ ಅಲ್ವಾ?

ಮೊದಲ ಹತ್ತು ನಿಮಿಷದಲ್ಲೇ ಲೆಕ್ಕ ತಪ್ಪಿತು. ಇಲ್ಲಿ ನದಿ ಇಳಿಯುವುದು ಕಿಲೋಮೀಟರಿಗೆ ಸುಮಾರು ಅರ್ಧ ಮೀಟರ್. ಸೈಕಲ್ಲಿನ ಪಾಲಿಗೆ ಅದು ಇಳಿಜಾರೇ ಅಲ್ಲ. ತುಳಿಯುವವರಿಗೆ ಲೆಕ್ಕಕ್ಕೆ ಬರುವುದು ಗಾಳಿ. ಸಾಮಾನ್ಯವಾಗಿ ಅದು ಪಶ್ಚಿಮದಿಂದ ಬೀಸುತ್ತದೆ, ಪೂರ್ವಕ್ಕೆ ಹೋಗುವವರ ಬೆನ್ನು ತಳ್ಳುತ್ತದೆ. ಅವತ್ತು ಮಾತ್ರ ಪೂರ್ವದಿಂದ ಬೀಸುತ್ತಿತ್ತು. ನೇರ ಮುಖಕ್ಕೆ.

ಹಿಂದೆ ತಿರುಗಿ ನೋಡಿದರೆ ಬಂಡೆಯ ಮೇಲೆ ಹಳದಿ ಬಣ್ಣದ ಮೆಲ್ಕ್ ಮಠ. 1089ರಿಂದ ಅಲ್ಲಿ ಸನ್ಯಾಸಿಗಳಿದ್ದಾರೆ. ಒಳಗೆ ಹೋಗಲಿಲ್ಲ. ಸೈಕಲ್ ತಂದ ದಿನ ಸೈಕಲ್ಲೇ ಮುಖ್ಯ ಅನ್ನೋದು ನನ್ನ ಹಠ.

ನಾವು ಹಿಡಿದದ್ದು ಬಲದಂಡೆ. ಎಡದಂಡೆಗಿಂತ ಇಲ್ಲಿ ಜನ ಕಡಿಮೆ. ದಡದುದ್ದಕ್ಕೂ ಕಿಲೋಮೀಟರ್ ಫಲಕಗಳಿವೆ. ಅವು ನಮ್ಮಂಥವರಿಗಲ್ಲ, ಹಡಗುಗಳಿಗೆ. ಈ ನದಿಯನ್ನು ಹುಟ್ಟಿನಿಂದ ಅಳೆಯುವುದಿಲ್ಲ, ಕಪ್ಪು ಸಮುದ್ರ ಸೇರುವ ಕಡೆಯಿಂದ ಮೇಲಕ್ಕೆ ಎಣಿಸುತ್ತಾರೆ. ಮೆಲ್ಕ್ ಹತ್ತಿರ 2036ರ ಆಸುಪಾಸು, ಕ್ರೆಮ್ಸ್‌ನಲ್ಲಿ 2002ರ ಆಸುಪಾಸು. ಎದುರುಗಾಳಿಯಲ್ಲಿ ತುಳಿಯುವವರಿಗೆ ಒಂದೊಂದೇ ಅಂಕಿ ಕಡಿಮೆಯಾಗುವುದನ್ನು ನೋಡುವುದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಗಾಳಿ ಸಾಲದು ಅಂತ ನನ್ನ ಬಾಡಿಗೆ ಸೈಕಲ್ಲಿನ ಸೀಟು ಬೇರೆ ಕಿರಿಕಿರಿ ಶುರುಮಾಡಿತು. ಎರಡು ಮೂರು ಕಿಲೋಮೀಟರ್ ತುಳಿಯುವಷ್ಟರಲ್ಲಿ ಸುಮ್ನೆ ಕೆಳಗೆ ಜಾರಿರುತ್ತಿತ್ತು. ಮಂಡಿ ಎದೆಗೆ ಬಡಿಯುವಂತಾದಾಗಲೇ ನನಗೆ ಗೊತ್ತಾಗುತ್ತಿದ್ದದ್ದು. ಗೆಳೆಯ ಹಿಂದಿನಿಂದ ನೋಡಿ, "ಲೋ, ಮಕ್ಕಳ ಸೈಕಲ್ ತುಳೀತಿದ್ದೀಯಾ?" ಅಂತ ನಕ್ಕ. ಆಗ್‌ಸ್ಟೈನ್ ಕೋಟೆಯ ಬುಡದಲ್ಲಿ ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು, ನಾವು ಕೇಳುವ ಮೊದಲೇ ಚೀಲದಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಗಿ ಮಾಡಿದರು. ಬಿಗಿ ಮಾಡುವ ಮೊದಲು ಸೀಟಿನ ಕಂಬಿಯ ಮೇಲಿದ್ದ ಗ್ರೀಸನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರು. ಜಾರುತ್ತಿದ್ದದ್ದು ಆ ಗ್ರೀಸಿನಿಂದ. ಮತ್ತೆ ಅದು ಕದಲಲಿಲ್ಲ. ಕೋಟೆ ಮಾತ್ರ ನದಿಯಿಂದ ಸುಮಾರು 300 ಮೀಟರ್ ಮೇಲಿತ್ತು. ಕತ್ತೆತ್ತಿ ನೋಡಿ ನಮಸ್ಕಾರ ಹಾಕಿ ಮುಂದಕ್ಕೆ ಹೋದೆವು.

ಎದುರು ದಂಡೆಯಲ್ಲಿ ವಿಲೆನ್‌ಡೋರ್ಫ್ ಕಾಣಿಸಿತು. 1908ರಲ್ಲಿ ಆ ದಂಡೆಯಲ್ಲಿ ರೈಲು ಹಳಿ ಹಾಕುವ ಹೊತ್ತಿಗೆ ನಡೆದ ಅಗೆತದಲ್ಲಿ ಅಲ್ಲಿ ಒಂದು ಕಲ್ಲಿನ ಹೆಣ್ಣುಬೊಂಬೆ ಸಿಕ್ಕಿತು. ಎತ್ತರ 11 ಸೆಂಟಿಮೀಟರ್, ವಯಸ್ಸು ಸುಮಾರು 30 ಸಾವಿರ ವರ್ಷ. ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಎಷ್ಟು ಕಾಲ ಮಣ್ಣಿನಲ್ಲಿ ಮಲಗಿತ್ತು ನೋಡಿ.

ಆರ್ನ್ಸ್‌ಡೋರ್ಫ್ ಬಳಿ ಹೊಳೆ ದಾಟಬೇಕಿತ್ತು. ಈ ದೋಣಿಗಾಗಿಯೇ ನಾನು ಬಲದಂಡೆ ಆರಿಸಿದ್ದು. ಕಾರು, ಸೈಕಲ್ಲು, ಜನ ಎಲ್ಲ ಹತ್ತಿಸಿಕೊಳ್ಳುವ ಚಪ್ಪಟೆ ದೋಣಿ. ದಾಟಿಸುವುದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಯ ಮೇಲೆ, ಎತ್ತರದಲ್ಲಿ, ದಂಡೆಯಿಂದ ದಂಡೆಗೆ ಒಂದು ಉಕ್ಕಿನ ಹಗ್ಗ. ಅದರ ಮೇಲೆ ಓಡುವ ಗಾಲಿ, ಗಾಲಿಗೆ ಕಟ್ಟಿದ ದೋಣಿ. ಅಂಬಿಗ ಚುಕ್ಕಾಣಿ ತಿರುಗಿಸಿದ. ದೋಣಿ ಹರಿವಿಗೆ ಓರೆಯಾಗಿ ನಿಂತಿತು. ಕೆಳಗೆ ಒಯ್ಯಬೇಕೆನ್ನುವ ನೀರು, ಬಿಡದೆ ಹಿಡಿದ ಹಗ್ಗ. ಇಬ್ಬರ ಜಗ್ಗಾಟದಲ್ಲಿ ದೋಣಿ ಪಕ್ಕಕ್ಕೆ ಸರಿಯಿತು. ನೀರು ಮರಕ್ಕೆ ಬಡಿಯುವ ಸದ್ದು, ಮೇಲೆ ಗಾಲಿಯ ಸಣ್ಣ ಕಿರುಗುಟ್ಟುವಿಕೆ, ಅಷ್ಟೇ. ಬೆಳಗಿನಿಂದ ನನಗೆ ಸಹಾಯ ಮಾಡದ ಹರಿವು ಇಲ್ಲಿ ಕಾರುಗಳನ್ನೇ ದಾಟಿಸುತ್ತಿತ್ತು!

ಇದು ಉಳಿದಿರುವುದು ಹರಿವು ಉಳಿದಿದೆ ಅಂತ. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ಅಣೆಕಟ್ಟಿನ ತಡೆಯಿಲ್ಲದೆ ಹರಿಯುವುದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು ವಿಯೆನ್ನಾದಾಚೆ. 1970ರ ದಶಕದಲ್ಲಿ ಇಲ್ಲೂ ವಿದ್ಯುತ್ ಯೋಜನೆ ಬರುವುದಿತ್ತು, ಕಣಿವೆಯವರು ಪಟ್ಟು ಹಿಡಿದು ವಿರೋಧಿಸಿದರು. ನಿಂತ ನೀರಿನಲ್ಲಿ ಈ ದೋಣಿ ಕದಲುವುದಿಲ್ಲ.

ಸ್ಪಿಟ್ಸ್ ದಂಡೆಗೆ ಇಳಿದ ಮೇಲೆ ದ್ರಾಕ್ಷಿಯದ್ದೇ ರಾಜ್ಯ. ಗುಡ್ಡದ ತುಂಬ ಗಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆಗಳು, ಮೆಟ್ಟಿಲು ಮೆಟ್ಟಿಲಾಗಿ ತೋಟ. ಊರಿನ ಹಿಂದಿನ ಗುಡ್ಡಕ್ಕೆ ಸಾವಿರ ಬಕೆಟ್ ಗುಡ್ಡ ಅಂತಲೇ ಹೆಸರು. ಒಳ್ಳೆ ಫಸಲು ಬಂದ ವರ್ಷ ಅಷ್ಟು ವೈನ್ ಕೊಡುತ್ತದಂತೆ. ಜುಲೈ ಆದ್ದರಿಂದ ದಾರಿಬದಿಯಲ್ಲಿ ಏಪ್ರಿಕಾಟ್ ಬುಟ್ಟಿಗಳು. ಇಲ್ಲಿಯವರು ಅದನ್ನು ಮರಿಲ್ಲೆ ಅನ್ನುತ್ತಾರೆ. ಬಿಸಿಲಿಗೆ ಬೆಚ್ಚಗಾದ ಹಣ್ಣನ್ನು ಎರಡು ಹೋಳು ಮಾಡಿದರೆ ಬೀಜ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಎಷ್ಟು ತಿಂದೆವು ಅಂತ ಬರೆಯುವುದಿಲ್ಲ.

ಡ್ಯೂರ್ನ್‌ಸ್ಟೈನ್‌ನಲ್ಲಿ ನೀಲಿ ಗೋಪುರ, ಕಲ್ಲುಹಾಸಿನ ಬೀದಿ, ವಿಪರೀತ ಜನ. ಮೇಲಿನ ಪಾಳು ಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರ ಚಳಿಗಾಲದಲ್ಲಿ ಸೆರೆ ಇಟ್ಟಿದ್ದರು. ಆ ಕಲ್ಲುಹಾಸಿನ ಮೇಲೆ ಸೈಕಲ್ ತುಳಿದ ನನ್ನ ಬೆನ್ನಿಗೂ ಚಿಕ್ಕ ಶಿಕ್ಷೆಯೇ ಆಯಿತು.

ಕ್ರೆಮ್ಸ್ ತಲುಪಿದಾಗ ಇಬ್ಬರ ಕಾಲೂ ಸೋತಿದ್ದವು. ವಾಪಸ್ ಹಡಗಿನಲ್ಲಿ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಹರಿವಿನ ವಿರುದ್ಧ ಅದಕ್ಕೆ ಸುಮಾರು ಮೂರು ಗಂಟೆ ಬೇಕು. ಗೆಳೆಯ ಗಾಳಿಯತ್ತ ಮುಖ ಮಾಡಿ, "ಈಗ ಇದು ನಮ್ಮ ಬೆನ್ನಿಗೆ. ಹಡಗಿಗಿಂತ ಮುಂಚೆ ಹೋಗ್ತೀವಿ, ನಡಿ" ಅಂದ. ನಾನೂ ಹೂಂ ಅಂದೆ.

ಡ್ಯೂರ್ನ್‌ಸ್ಟೈನ್ ದಾಟುವಷ್ಟರಲ್ಲಿ ಗಾಳಿ ಪೂರ್ತಿ ನಿಂತುಹೋಯಿತು. ಹಡಗು ನಮಗಿಂತ ನಿಧಾನಕ್ಕೇ ಬರುತ್ತಿತ್ತು, ನಿಜ. ಆದರೆ ಅದರ ಮೇಲೆ ಕಾಲು ಚಾಚಿ ಕೂತಿದ್ದವರು ಯಾರೂ ಪೆಡಲ್ ತುಳಿಯುತ್ತಿರಲಿಲ್ಲ. ನಮ್ಮನ್ನು ನೋಡಿ ಕೈ ಬೀಸಿದರು.