ಅಷ್ಟು ಚುರುಕಿದ್ದಾಳೆ, ಮುಂದಿನ ಕ್ಲಾಸಿನ ಪಾಠ ಯಾಕೆ ಮಾಡಿಸಲ್ಲ?

ಮಗಳಿಗೆ ಮನೆಯಲ್ಲೇ ಕಲಿಸುತ್ತೇವೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳಿಗೆ ಒಂದು ವರಸೆ ಇದೆ. ಮೊದಲು ಕಾನೂನು, ಆಮೇಲೆ ಸ್ನೇಹಿತರು, ಆಮೇಲೆ ಪರೀಕ್ಷೆ. ಅವಳ ಜೊತೆ ಹತ್ತು ನಿಮಿಷ ಮಾತಾಡಿದರೆ ನಾಲ್ಕನೆಯದೂ ಬರುತ್ತದೆ. "ಇಷ್ಟು ಚುರುಕಿದ್ದಾಳೆ, ಮುಂದಿನ ಕ್ಲಾಸಿನ ಪಾಠ ಯಾಕೆ ಮಾಡಿಸಲ್ಲ? ಸುಮ್ನೆ ರಟ್ಟು ಕತ್ತರಿಸ್ತಾ, ನೆರಳು ಅಳೀತಾ ಕೂತರೆ ಟೈಮ್ ವೇಸ್ಟ್ ಅಲ್ವಾ?"

ಮೊದಲ ಮೂರನ್ನು ಬೇಗ ಮುಗಿಸುತ್ತೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ಕೆಲವು ಕಡೆ ಹೆಸರು ನೋಂದಾಯಿಸಿದರೆ ಸಾಕು, ಇನ್ನು ಕೆಲವು ಕಡೆ ಆಗಾಗ ಬಂದು ನೋಡುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಮೊದಲು ವಿಚಾರಿಸಿಕೊಳ್ಳಿ. ಸ್ನೇಹಿತರು ಸಂಜೆ ಆಟಕ್ಕೆ ಸಿಗುತ್ತಾರೆ, ಜಗಳವೂ ಸಿಗುತ್ತದೆ. ಪರೀಕ್ಷೆ ಬೇಕಾದಾಗ ಬರೆದರಾಯಿತು, ಏಳು ವರ್ಷಕ್ಕೆ ಅವಸರವಿಲ್ಲ.

ನಾಲ್ಕನೆಯದಕ್ಕೆ ಮಾತ್ರ ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಮುಂದಿನ ಕ್ಲಾಸಿನ ಪಾಠವೂ ಅವಳಿಗೆ ಸುಲಭವೇ, ಅದೇ ತೊಂದರೆ. ಸುಲಭವಾದದ್ದನ್ನೇ ಇನ್ನಷ್ಟು ಕೊಟ್ಟರೆ ಸುಲಭವಾದದ್ದರಲ್ಲಿ ಇನ್ನಷ್ಟು ಪಳಗುತ್ತಾಳೆ, ಅಷ್ಟೇ.

ಅವಳು ಮೂರು ವರ್ಷಕ್ಕೇ ಓದಲು ಶುರು ಮಾಡಿದಳು. ಹೇಳಿಕೊಟ್ಟದ್ದು ಒಂದೇ ಸಲಕ್ಕೆ ಬರುತ್ತಿತ್ತು. ನೋಡಿದವರೆಲ್ಲ "ಎಷ್ಟು ಜಾಣೆ" ಅಂದರು, ನಾನೂ ಹಿಗ್ಗಿದೆ. ಒಂದೇ ಸಲಕ್ಕೆ ಬರದೇ ಇದ್ದದ್ದನ್ನು ಅವಳು ಮುಟ್ಟುತ್ತಲೇ ಇರಲಿಲ್ಲ ಅನ್ನುವುದು ಗಮನಕ್ಕೆ ಬಂದದ್ದು ಎಷ್ಟೋ ದಿನದ ಮೇಲೆ. ಶೂ ಲೇಸ್ ಕಟ್ಟಲು ಬರಲಿಲ್ಲ, ಲೇಸ್ ಇಲ್ಲದ ಶೂ ಬೇಕು ಅಂದಳು. ಕತ್ತರಿಯಲ್ಲಿ ಗುಂಡಗೆ ಕತ್ತರಿಸಲು ಬರಲಿಲ್ಲ, "ನಂಗೆ ಚೌಕಾನೇ ಇಷ್ಟ" ಅಂದಳು. ನಕ್ಕುಬಿಟ್ಟೆ. ಇನ್ನೊಂದು ವಿಷಯಕ್ಕೂ ಅದೇ ಥರದ ಉತ್ತರ ಬಂದಾಗ ನಗು ಬರಲಿಲ್ಲ.

ಆ "ಜಾಣೆ" ಅನ್ನುವ ಮಾತಿನ ಮೇಲೆ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಮಾಡಿದ ಒಂದು ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಮಾಡಿದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಅಂದರು. ಮುಂದೆ ಕಷ್ಟದ್ದು ಬಂದು ಸೋತಾಗ ಬುದ್ಧಿವಂತ ಅನ್ನಿಸಿಕೊಂಡವರೇ ಬೇಗ ಕೈಚೆಲ್ಲಿದರು, ಆಮೇಲೆ ಮೊದಲಿನಷ್ಟೇ ಸುಲಭದ್ದು ಕೊಟ್ಟರೂ ಮೊದಲಿಗಿಂತ ಕಡಿಮೆ ಮಾಡಿದರು. ಇದನ್ನು ಓದಿದ ದಿನ ನನಗೆ ಕತ್ತರಿ, ಚೌಕ ಎಲ್ಲ ನೆನಪಾಯಿತು.

ಇಂಥ ಮಕ್ಕಳ ಜೊತೆ ಕೆಲಸ ಮಾಡುವವರು ಅಸಮ ಬೆಳವಣಿಗೆ ಅನ್ನುವ ಮಾತು ಬಳಸುತ್ತಾರೆ. ಅಮೆರಿಕದಲ್ಲಿ ಪೋಷಕರೂ ತಜ್ಞರೂ ಸೇರಿದ ಕೊಲಂಬಸ್ ಗ್ರೂಪ್ ಅನ್ನುವ ಕೂಟ 1991ರಲ್ಲಿ ಪ್ರತಿಭೆಯನ್ನೇ ಈ ಮಾತಿನಿಂದ ವಿವರಿಸಿತು. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ತಲೆಗೆ ಒಂಬತ್ತು ವರ್ಷ, ಕೈಗೆ ಐದು, ಸಿಟ್ಟಿಗೆ ನಾಲ್ಕು. ಮುಂದಿನ ಕ್ಲಾಸಿನ ಪುಸ್ತಕ ಆ ಒಂಬತ್ತರ ಹತ್ತಿರ ಮಾತ್ರ ಮಾತಾಡುತ್ತದೆ. ಮೂರನ್ನೂ ಒಟ್ಟಿಗೆ ಕೂರಿಸುವ ಕೆಲಸ ಬೇಕಿತ್ತು. ನೆರಳು ಅಳೆಯುವುದು ಅಲ್ಲಿಂದ ಶುರುವಾಯಿತು.

ಒಂದು ದಿನ ಯಾವುದೋ ಪುಸ್ತಕ ಓದಿ ಬಂದಳು. "ಅಮ್ಮ, ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಎಲ್ಲಕ್ಕಿಂತ ಚಿಕ್ಕದು."

"ನೋಡಿದ್ದೀಯಾ?"

"ಪುಸ್ತಕದಲ್ಲಿದೆ."

ಗೊತ್ತಿರುವುದನ್ನು ಮತ್ತೆ ನೋಡುವುದು ಅವಳಿಗೆ ಬೇಕಿರಲಿಲ್ಲ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆಯಬಹುದು ಅಂದ ಮೇಲೆ ಹೊರಗೆ ಬಂದಳು. ಒಂದು ನೇರ ಕೋಲು, ಅದನ್ನು ನಿಲ್ಲಿಸಲು ಒಂದು ಮುದ್ದೆ ಜೇಡಿಮಣ್ಣು, ದಾರ, ಸ್ಕೇಲು. ಹನ್ನೆರಡರ ಆಸುಪಾಸಿನಲ್ಲಿ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ ಉದ್ದ ಅಳೆದಳು. ಎಲ್ಲ ಹೆಚ್ಚುಕಡಿಮೆ ಒಂದೇ! ನಡು ಮಧ್ಯಾಹ್ನದಲ್ಲಿ ನೆರಳು ಪಕ್ಕಕ್ಕೆ ಸರಿಯುತ್ತದೆ, ಉದ್ದ ಮಾತ್ರ ಬದಲಾಗುವುದೇ ಗೊತ್ತಾಗುವುದಿಲ್ಲ. ಯಾವುದು ಎಲ್ಲಕ್ಕಿಂತ ಗಿಡ್ಡ ಅಂತ ಸ್ಕೇಲಿನಲ್ಲಿ ಹಿಡಿಯಲು ಆಗಲಿಲ್ಲ. ಸ್ಕೇಲೇ ಸರಿಯಿಲ್ಲ ಅಂತ ಅದನ್ನು ಎಸೆದಳು. ಅದು ನಾಲ್ಕು ವರ್ಷದ ಸಿಟ್ಟು.

ಅಲ್ಲಿ ಮಾತ್ರ ನಾನೊಂದು ಸುಳಿವು ಕೊಟ್ಟೆ. ಹಳೆಯ ಕಾಲದ ಖಗೋಳ ಲೆಕ್ಕದವರು ಇಂಥ ಕೋಲನ್ನು ಶಂಕು ಅನ್ನುತ್ತಿದ್ದರು. ಅವರ ಉಪಾಯ ಹೀಗೆ. ಕೋಲಿನ ಬುಡಕ್ಕೆ ದಾರ ಹಿಡಿದು ಸುತ್ತ ಒಂದು ವೃತ್ತ ಎಳೆಯಬೇಕು. ಬೆಳಗ್ಗೆ ಉದ್ದವಿರುವ ನೆರಳು ಕುಗ್ಗುತ್ತಾ ಬಂದು ವೃತ್ತವನ್ನು ಮುಟ್ಟಿ ಒಳಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಬೆಳೆದು ಇನ್ನೊಂದು ಕಡೆ ವೃತ್ತವನ್ನು ಮುಟ್ಟಿ ಹೊರಗೆ ಬರುತ್ತದೆ. ಆ ಎರಡು ಹೊತ್ತಿನ ನಟ್ಟನಡುವೆ ಅತಿ ಗಿಡ್ಡ ನೆರಳು.

ಮೊದಲ ದಿನ ಬೆಳಗಿನ ಗುರುತು ಸಿಕ್ಕಿತು, ಮಧ್ಯಾಹ್ನ ಮೋಡ. ಅತ್ತಳು. ಎರಡನೇ ದಿನ ತಮ್ಮ ಓಡಿ ಬಂದು ಕೋಲಿಗೆ ಕಾಲು ತಾಗಿಸಿದ. ಮತ್ತೆ ನಿಲ್ಲಿಸಿದಳು, ವಾಲಿಸಿಯೇ ನಿಲ್ಲಿಸಿದಳು. ವಾಲಿದ್ದು ನನಗೆ ಕಾಣುತ್ತಿತ್ತು. ಬಾಯಿ ಬಿಗಿ ಹಿಡಿದು ಕೂತೆ. ಮನೆಯಲ್ಲಿ ಕಲಿಸುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅನುಭವ. ಸಂಜೆ ಅವಳ ಲೆಕ್ಕಕ್ಕೆ ಬಂದ ಉತ್ತರ ಹನ್ನೊಂದೂಕಾಲು. "ಇದು ಇರಲಿಕ್ಕಿಲ್ಲ" ಅಂತ ತಾನೇ ಹೇಳಿಕೊಂಡು ಕೋಲಿನ ಸುತ್ತ ಎರಡು ಸುತ್ತು ಬಂದಳು. ದಾರದ ತುದಿಗೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ಅಂತ ನೋಡುವ ಉಪಾಯ ಅವಳಿಗೆ ಹೊಳೆದದ್ದು ಆಗ. ನಾನು ಬಾಯಿಬಿಟ್ಟಿದ್ದರೆ ಆ ಕಲ್ಲು ಬರುತ್ತಲೇ ಇರಲಿಲ್ಲ.

ಮೂರನೇ ದಿನ ಬೆಳಗ್ಗೆ 9:50, ಮಧ್ಯಾಹ್ನ 2:54. ನಡುವೆ 5 ಗಂಟೆ 4 ನಿಮಿಷ, ಅದರ ಅರ್ಧ 2 ಗಂಟೆ 32 ನಿಮಿಷ. ಅದನ್ನು 9:50ಕ್ಕೆ ಕೂಡಿಸಿ ಮೊದಲು 11:82 ಅಂತ ಬರೆದಳು. ನೋಡಿ ತಾನೇ ನಕ್ಕಳು. ಆಮೇಲೆ 12:22.

"ಗಡಿಯಾರ ತಪ್ಪು" ಅಂದಳು. ಸ್ವಲ್ಪ ಹೊತ್ತಿಗೆ "ಅಲ್ಲ, ಪುಸ್ತಕ ತಪ್ಪು" ಅಂದಳು. ಎರಡು ವಾರ ಚೆಂಡು, ಟಾರ್ಚು ಹಿಡಿದು ಕೂತೆವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಸೂರ್ಯ ಒಂದೊಂದು ಜಾಗಕ್ಕೆ ಒಂದೊಂದು ಹೊತ್ತಿಗೆ ನೆತ್ತಿಯ ಕಡೆ ಬರುತ್ತಾನೆ. ಗಡಿಯಾರ ಮಾತ್ರ ದೊಡ್ಡ ಪ್ರದೇಶಕ್ಕೆಲ್ಲ ಒಂದೇ. ಇದು ಅವಳಿಗೆ ಹಿಡಿಸಿತು. ಅದರ ಜೊತೆಗೆ ವರ್ಷದ ಬೇರೆ ಬೇರೆ ತಿಂಗಳಲ್ಲಿ ಸೂರ್ಯನ ಹೊತ್ತು ಗಡಿಯಾರಕ್ಕಿಂತ ಸುಮಾರು 16 ನಿಮಿಷದ ತನಕ ಹಿಂದೆ ಮುಂದೆ ಆಗುತ್ತದೆ. ಅದು ಅವಳಿಗೆ ಇನ್ನೂ ಅರ್ಥವಾಗಿಲ್ಲ, ಅವಸರವೂ ಇಲ್ಲ. ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತಿದ್ದಾಳೆ.

ಇದಕ್ಕೆಲ್ಲ ಮೂರು ವಾರ ಹಿಡಿಯಿತು. ಪುಸ್ತಕದಲ್ಲಾಗಿದ್ದರೆ ಆ ಪಾಠವನ್ನು ಅವಳು ಅರ್ಧ ಗಂಟೆಯಲ್ಲಿ ಓದಿ ಮುಗಿಸುತ್ತಿದ್ದಳು. ಟೈಮ್ ವೇಸ್ಟ್ ಅಂತ ಕೇಳುವವರ ಲೆಕ್ಕ ತಪ್ಪೇನಲ್ಲ.

ಪ್ರಾಜೆಕ್ಟ್ ಅನ್ನುವ ಮಾತೇ ಈಗ ಕೆಟ್ಟುಹೋಗಿದೆ ಬಿಡಿ. ರಾತ್ರಿ ಹನ್ನೊಂದಕ್ಕೆ ಅಪ್ಪ ಅಮ್ಮ ಸೇರಿ ಅಂಟಿಸಿ, ಬೆಳಗ್ಗೆ ಮಗುವಿನ ಕೈಗೆ ಕೊಟ್ಟು ಕಳಿಸುವ ಸಾಮಾನಿಗೆ ಆ ಹೆಸರು. ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಈ ಪದ್ಧತಿಯ ಬಗ್ಗೆ ಬರೆದಾಗ, ಮಗು ತನ್ನದೇ ಉದ್ದೇಶ ಇಟ್ಟುಕೊಂಡು ಮನಸಾರೆ ಮಾಡುವ ಕೆಲಸ ಅಂತ ಅರ್ಥ ಕೊಟ್ಟಿದ್ದರು. ಆ ಅರ್ಥದಲ್ಲಿ ನೋಡಿದರೆ ನಾನು ಕೈ ಹಾಕಿದ ಕ್ಷಣಕ್ಕೆ ಅದು ನನ್ನ ಪ್ರಾಜೆಕ್ಟ್.

ಕೈ ಹಾಕಿದ್ದೂ ಇದೆ. ನೆರಳಿಗಿಂತ ಮೊದಲು ಚಂದ್ರನ ಡೈರಿ ಅಂತ ಒಂದು ಮಾಡಿದ್ದೆವು. ದಿನಾ ಚಂದ್ರನನ್ನು ನೋಡಿ, ಚಿತ್ರ ಬರೆದು, ಹೊತ್ತು ಬರೆಯುವುದು. ಒಂದು ವಾರ ಉತ್ಸಾಹದಿಂದ ನಡೆಯಿತು. ಇನ್ನೂ ಚೆನ್ನಾಗಿ ನಡೆಯಲಿ ಅಂತ ನಾನು ದಿನಕ್ಕೊಂದು ಸ್ಟಾರ್ ಸ್ಟಿಕ್ಕರ್ ಅಂಟಿಸಲು ಶುರು ಮಾಡಿದೆ. ಚಿತ್ರಗಳು ಬೇಗ ಬೇಗ ಮುಗಿಯತೊಡಗಿದವು. ಒಂದು ದಿನ ಹಾಳೆ ತಿರುವುತ್ತಾ ನೋಡುತ್ತೇನೆ, ಮೋಡ ಕವಿದು ಏನೂ ಕಾಣದಿದ್ದ ರಾತ್ರಿಯಲ್ಲೂ ದುಂಡಗೆ ಒಬ್ಬ ಚಂದ್ರ ಕೂತಿದ್ದಾನೆ. ಪಕ್ಕದಲ್ಲಿ ಸ್ಟಾರ್.

ಇದು ಹೊಸ ತಪ್ಪೇನಲ್ಲ. ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಜೊತೆಗಾರರು 1973ರಲ್ಲಿ ನರ್ಸರಿ ಮಕ್ಕಳ ಮೇಲೆ ಇದನ್ನೇ ನೋಡಿದ್ದರು. ಚಿತ್ರ ಬರೆಯಲು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಪೆನ್ನು ಹಿಡಿದ ಹೊತ್ತು ಉಳಿದವರದ್ದಕ್ಕಿಂತ ಸುಮಾರು ಅರ್ಧ. ಹೇಳದೆ ಕೊನೆಯಲ್ಲಿ ಬಹುಮಾನ ಕೊಟ್ಟವರಿಗೆ ಹೀಗಾಗಿರಲಿಲ್ಲ. ನಾನು ಸ್ಟಿಕ್ಕರ್ ಒಳಗಿಟ್ಟೆ. ಡೈರಿ ಹದಿನೈದು ದಿನ ಸತ್ತೇ ಹೋಯಿತು. ಆಮೇಲೆ ಅವಳೇ ಮತ್ತೆ ಶುರು ಮಾಡಿದಳು. ಈ ಸಲ ನಾಲ್ಕು ಹಾಳೆಯಲ್ಲಿ "ಕಾಣಲಿಲ್ಲ" ಅಂತ ಇದೆ. ಚಂದ್ರ ದಿನದಿನವೂ ಲೇಟಾಗಿ ಬರುತ್ತಾನೆ, ಸರಾಸರಿ 50 ನಿಮಿಷ ಅನ್ನುವುದು ಆ ಹಾಳೆಗಳಿಂದಲೇ ಹೊರಬಂತು.

"ಟೆಸ್ಟ್ ಮಾಡಿಸಿದ್ರಾ, ಐಕ್ಯೂ ಎಷ್ಟು?" ಅಂತಲೂ ಕೇಳುತ್ತಾರೆ. ಇಲ್ಲ. ಲೂಯಿಸ್ ಟರ್ಮನ್ ಅನ್ನುವವರು 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ನೋಡಿ ಸುಮಾರು 1,500 ಮಕ್ಕಳನ್ನು ಆರಿಸಿ ಅವರ ಬದುಕಿಡೀ ಹಿಂಬಾಲಿಸುವ ಅಧ್ಯಯನ ಶುರು ಮಾಡಿದರು. ಟೆಸ್ಟ್ ಬರೆದೂ ಆಯ್ಕೆಯಾಗದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಟೆಸ್ಟೇ ಸುಳ್ಳು ಅಂತ ಇದರಿಂದ ನಾನು ಹೇಳುತ್ತಿಲ್ಲ. ಮಗುವಿಗೆ ಎಲ್ಲಿ ತೊಡಕಿದೆ ಅಂತ ತಿಳಿಯಲು ಅದು ಬೇಕಾಗಬಹುದು. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಜೋಸೆಫ್ ರೆಂಜುಲಿ 1978ರಲ್ಲಿ ಕೊಟ್ಟ ವಿವರಣೆ. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವುದು, ಹಿಡಿದ ಕೆಲಸ ಬಿಡದಿರುವುದು, ಈ ಮೂರು ಕೂಡಿದ ಕಡೆ ಪ್ರತಿಭೆ ಅಂದರು ಅವರು. ಮೂರನೆಯದು ನಮ್ಮಲ್ಲಿ ಬಡಕಲಾಗಿತ್ತು.

ಎಲ್ಲವನ್ನೂ ಪ್ರಾಜೆಕ್ಟಿನಲ್ಲೇ ಕಲಿಸಬಹುದು ಅನ್ನುವವರ ಜೊತೆಗೂ ನನಗೆ ಸರಿಹೋಗುವುದಿಲ್ಲ. ಅಕ್ಷರ, ಅದರ ಉಚ್ಚಾರ, ಕೈಬರಹ, ಮಗ್ಗಿ, ಇವಕ್ಕೆ ದಿನಾ ಕೂತು ಅಭ್ಯಾಸ ಮಾಡಲೇಬೇಕು. ರಟ್ಟಿನ ಮನೆ ಕಟ್ಟುತ್ತಾ ಮಗ್ಗಿ ತಾನಾಗೇ ಬರುವುದಿಲ್ಲ. ನಮ್ಮಲ್ಲಿ ಬೆಳಗ್ಗೆ ಅರ್ಧ ಮುಕ್ಕಾಲು ಗಂಟೆ ಅದಕ್ಕೆ ಹೋಗುತ್ತದೆ, ಯಾರಿಗೂ ಖುಷಿಯಿಲ್ಲ, ಮುಗಿಯುತ್ತದೆ.

ಮುಂದೆ ಓಡುವುದೂ ತಪ್ಪಲ್ಲ. ಗಣಿತದಲ್ಲಿ ಅವಳೇ ಕೇಳಿ ಎರಡು ಕ್ಲಾಸು ಮುಂದಿನ ಪುಸ್ತಕ ತೆಗೆದುಕೊಂಡಿದ್ದಾಳೆ, ನಾನು ತಡೆಯಲಿಲ್ಲ. ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಬಹಳ ಮುಂದಿರುವ ಮಕ್ಕಳನ್ನು ಹುಡುಕಿ, ಅವರ ವೇಗಕ್ಕೆ ತಕ್ಕ ಪಾಠ ಕೊಡುವ ಕೆಲಸ ಶುರು ಮಾಡಿದರು. ಆ ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಅವರು ಹೆಚ್ಚಾಗಿ ಹನ್ನೆರಡು ಹದಿಮೂರರ ಆಸುಪಾಸಿನವರು. ನನ್ನ ಮಗಳಿಗೆ ಈಗ ಶೂ ಲೇಸ್ ಬರುತ್ತದೆ, ಒಂದೇ ಗಂಟು.

ಈಗ ತಮ್ಮನ ಸರದಿ. ಅವನಿಗೆ ಐದು. ಓದಲು ಇನ್ನೂ ಶುರು ಮಾಡಿಲ್ಲ, ಹಾಗಾಗಿ ಅವನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎರಡು ಪುಸ್ತಕದ ರಾಶಿ, ನಡುವೆ ಒಂದು ಗೇಣು ಜಾಗ, ಒಂದೇ ಒಂದು ಹಾಳೆ. ಅದನ್ನೇ ಸೇತುವೆ ಮಾಡಿ ಎಷ್ಟು ನಾಣ್ಯ ನಿಲ್ಲುತ್ತದೆ ನೋಡಬೇಕು. ಸುಮ್ನೆ ಹಾಸಿದರೆ ಎರಡು ನಾಣ್ಯಕ್ಕೇ ಕುಸಿಯುತ್ತದೆ. ಹಾಳೆಯನ್ನು ಬೀಸಣಿಗೆಯ ಹಾಗೆ ನೆರಿಗೆ ಮಡಿಸಿದರೆ ಗಟ್ಟಿ ನಿಲ್ಲುತ್ತದೆ ಅಂತ ಅಕ್ಕನಿಗೆ ಗೊತ್ತು. ಹೇಳಬಾರದು ಅಂತ ಕಟ್ಟಪ್ಪಣೆ ಮಾಡಿದ್ದೇನೆ. ತಡೆಯಲಾಗದೆ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ನಾಲ್ಕು ದಿನ ಅವನ ಸೇತುವೆ ಬಿದ್ದೇ ಬಿತ್ತು. ನಿನ್ನೆ ಹಾಳೆಯನ್ನು ಸುರುಳಿ ಸುತ್ತಿ ಟೇಪ್ ಹಚ್ಚಿದ. ಮೇಲಿಟ್ಟ ನಾಣ್ಯ ಉರುಳಿ ಬಿತ್ತು. ಸ್ವಲ್ಪ ಹೊತ್ತು ಸುರುಳಿಯ ಒಳಗೆ ಕಣ್ಣಿಟ್ಟು ನೋಡಿದ. ಆಮೇಲೆ ನಾಣ್ಯಗಳನ್ನು ಒಂದೊಂದಾಗಿ ಅದರೊಳಗೆ ತುಂಬಿಸತೊಡಗಿದ.

"ಹಾಗೆ ಮಾಡೋ ಹಾಗಿಲ್ಲ!" ಅಂತ ಅಕ್ಕ ಬಾಯಿ ಬಿಟ್ಟಳು.

"ಯಾರು ಹೇಳಿದ್ದು?"

ಇಬ್ಬರೂ ನನ್ನ ಮುಖ ನೋಡಿದರು. ನಾನು ಅಂಥ ರೂಲ್ಸ್ ಏನೂ ಹೇಳಿರಲಿಲ್ಲ. ಮೂವರೂ ಕೂತು ಎಣಿಸಿದೆವು, ಮೂವತ್ತೊಂದು. ಮನೆಯಲ್ಲಿ ಇದ್ದ ನಾಣ್ಯ ಅಷ್ಟೇ.