ಓದಿನ ಅವಧಿಯಲ್ಲಿ ಕರಗಿದ ಮಂಜುಗಡ್ಡೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ಹೊರವಲಯದ ಎಲಿಮೆಂಟರಿ ಶಾಲೆಯೊಂದರಲ್ಲಿ ನಾನು ಸಹಾಯಕ ಶಿಕ್ಷಕಿಯಾಗಿದ್ದೇನೆ. ಓದಿನ ಅವಧಿಯೊಳಗೇ ವಿಜ್ಞಾನವನ್ನೂ ಎಂಜಿನಿಯರಿಂಗನ್ನೂ ಬೆಸೆದು ಕಲಿಸುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ಇಲ್ಲಿನ ವೇಳಾಪಟ್ಟಿಯನ್ನು ಕಂಡವರಿಗೆ ಮೊದಲು ಎದ್ದು ಕಾಣುವುದು ಓದು ಬರಹಕ್ಕೆ ಸಿಗುವ ಸಮಯ. ಮಕ್ಕಳ ಮನಸ್ಸು ಚುರುಕಾಗಿರುವ ಬೆಳಗಿನ ಹೊತ್ತೆಲ್ಲ ಅದಕ್ಕೇ ಮೀಸಲು. ಅದರ ಬೆನ್ನಿಗೆ ಗಣಿತ. ವಿಜ್ಞಾನಕ್ಕೆ ದಕ್ಕುವುದು ಮಧ್ಯಾಹ್ನದ ಕೊನೆಯ ತುಣುಕು, ಅದೂ ವಾರದ ಎಲ್ಲ ದಿನ ಅಲ್ಲ. ಇದಕ್ಕೆ ಶಿಕ್ಷಕರ ನಿರ್ಲಕ್ಷ್ಯ ಕಾರಣವಲ್ಲ. 2002ರ ಜನವರಿಯಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಕಾನೂನು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2015ರಲ್ಲಿ ಆ ಕಾನೂನಿನ ಜಾಗಕ್ಕೆ ಇನ್ನೊಂದು ಬಂದರೂ ವಾರ್ಷಿಕ ಪರೀಕ್ಷೆಗಳು ಹಾಗೆಯೇ ಉಳಿದವು. ನಮ್ಮ ರಾಜ್ಯದ ಮಕ್ಕಳು ವಿಜ್ಞಾನದ ಪರೀಕ್ಷೆಯನ್ನು ಮೊದಲ ಸಲ ಎದುರಿಸುವುದು ಐದನೆಯ ತರಗತಿಯಲ್ಲಿ. ಯಾವ ವಿಷಯಕ್ಕೆ ಪರೀಕ್ಷೆ ಮೊದಲು ಬರುತ್ತದೆಯೋ ಗಡಿಯಾರವೂ ಅದರ ಕಡೆಗೇ ವಾಲುತ್ತದೆ.

ಹಾಗಾದರೆ ಆ ದೀರ್ಘವಾದ ಓದಿನ ಅವಧಿಯಲ್ಲಿ ಮಕ್ಕಳು ಓದುತ್ತಿದ್ದುದೇನು? ನೆಲ್ ಡ್ಯೂಕ್ ಎಂಬ ಸಂಶೋಧಕಿ ಇದೇ ಬಾಸ್ಟನ್ ಪ್ರದೇಶದ ಒಂದನೆಯ ತರಗತಿಯ 20 ಕೋಣೆಗಳಲ್ಲಿ ಕುಳಿತು ಗಮನಿಸಿ, 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾಹಿತಿ ನೀಡುವ ಬರಹಗಳ ಜೊತೆ ಮಕ್ಕಳು ಕಳೆಯುತ್ತಿದ್ದುದು ದಿನಕ್ಕೆ ಸರಾಸರಿ 3.6 ನಿಮಿಷ. ಬಡವರು ಹೆಚ್ಚಾಗಿರುವ ಬಡಾವಣೆಗಳ ಶಾಲೆಗಳಲ್ಲಿ ಅದು ಇನ್ನೂ ಕಡಿಮೆ. ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಇರುವೆ ಏಕೆ ಸಾಲಾಗಿ ಹೋಗುತ್ತದೆ, ಸೇತುವೆ ಏಕೆ ಬೀಳುವುದಿಲ್ಲ ಎಂದು ಬಿಡದೆ ಕೇಳುವ ವಯಸ್ಸು ಅದು. 2010ರಿಂದೀಚೆಗೆ ಹಲವು ರಾಜ್ಯಗಳು ಒಪ್ಪಿಕೊಂಡ ಭಾಷಾ ಮಾನದಂಡಗಳು, ನಾಲ್ಕನೆಯ ತರಗತಿಯ ಹೊತ್ತಿಗೆ ಮಗುವಿನ ಓದಿನಲ್ಲಿ ಕಥೆ ಅರ್ಧ, ಮಾಹಿತಿಬರಹ ಅರ್ಧ ಇರಬೇಕೆಂದು ಹೇಳಿದವು. ಮ್ಯಾಸಚೂಸೆಟ್ಸ್ ಅದಕ್ಕೂ ಮೊದಲೇ, 2001ರಲ್ಲಿ, ಎಂಜಿನಿಯರಿಂಗ್ ವಿಷಯವನ್ನು ಶಾಲಾ ಪಠ್ಯಕ್ರಮದ ಚೌಕಟ್ಟಿಗೆ ಸೇರಿಸಿಕೊಂಡಿತ್ತು. ಓದು, ವಿಜ್ಞಾನ, ಎಂಜಿನಿಯರಿಂಗ್ ಮೂರೂ ಒಂದೇ ಅವಧಿಯಲ್ಲಿ ಕೂಡಿಕೊಳ್ಳಲು ದಾರಿ ತೆರೆದದ್ದು ಹೀಗೆ.

ಈ ಬೆಸುಗೆಯಲ್ಲಿ ಎಲ್ಲವನ್ನೂ ನಿರ್ಧರಿಸುವುದು ಪುಸ್ತಕವು ಮಗುವಿನ ಕೈಗೆ ಯಾವಾಗ ಬರುತ್ತದೆ ಎಂಬುದು ಎಂದು ನಾನು ದೃಢವಾಗಿ ನಂಬುತ್ತೇನೆ. ಮೊದಲೇ ಬಂದರೆ ಅದು ಉತ್ತರಗಳ ಪಟ್ಟಿ. ಮಗು ತನ್ನ ಕೈಯಿಂದ ಏನನ್ನಾದರೂ ಮಾಡಲು ಹೋಗಿ, ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಾಗ ಬಂದರೆ, ಅದೇ ಪುಸ್ತಕದ ಅದೇ ಪುಟ ಹಸಿದವನ ಎದುರಿನ ಎಲೆಯಾಗುತ್ತದೆ.

ನಾಲ್ಕನೆಯ ತರಗತಿಯ ಒಂದು ಪಾಠವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಮೆರಿಕದ ಬಹುತೇಕ ಮಕ್ಕಳಿಗೆ ಪರಿಚಿತವಾದ ಹಳೆಯ ಚಿತ್ರಪುಸ್ತಕವೊಂದರಲ್ಲಿ ಪುಟ್ಟ ಹುಡುಗನೊಬ್ಬ ಹಿಮದ ಉಂಡೆಯನ್ನು ನಾಳೆಗೆಂದು ಜೇಬಿನಲ್ಲಿಟ್ಟುಕೊಂಡು ಬೆಚ್ಚಗಿನ ಮನೆಯೊಳಗೆ ಬರುತ್ತಾನೆ. ಮಲಗುವ ಮುನ್ನ ನೋಡಿದರೆ ಜೇಬು ಖಾಲಿ. ಕಥೆಯ ಪಾತ್ರಗಳನ್ನೇ ಗ್ರಾಹಕರೆಂದು ಭಾವಿಸಿ ಅವರ ತೊಂದರೆಗೆ ಪರಿಹಾರ ಕಟ್ಟಿಕೊಡುವ ಪದ್ಧತಿಯನ್ನು ಇಲ್ಲೇ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದವರು ರೂಪಿಸಿದ್ದಾರೆ. ಅದರಂತೆ ನಮ್ಮ ಮಕ್ಕಳು ಆ ಹುಡುಗನಿಗಾಗಿ ಹಿಮ ಕರಗದ ಒಂದು ಡಬ್ಬಿಯನ್ನು ಮಾಡಬೇಕಿತ್ತು. ಡಬ್ಬಿ ಜೇಬಿನಲ್ಲಿ ಹಿಡಿಸಬೇಕು, ಮಗುವೇ ತೆರೆಯುವಂತಿರಬೇಕು ಎಂಬ ಷರತ್ತುಗಳನ್ನು ಅವರು ಕಥೆಯ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ತಾವೇ ಹೆಕ್ಕಿ ತೆಗೆದರು. ಗ್ರಹಿಸಿ ಓದುವುದೆಂದರೆ ಇದೇ. ಪ್ರಶ್ನೋತ್ತರದ ಹಾಳೆ ಕೊಟ್ಟು ಇಷ್ಟು ಆಸ್ಥೆಯಿಂದ ಓದಿಸುವುದು ಬಹಳ ಕಷ್ಟ.

ಯಾವುದರಲ್ಲಿ ಸುತ್ತಬೇಕು ಎಂಬ ಚರ್ಚೆ ಬಂದಾಗ ಇಡೀ ತರಗತಿ ಉಣ್ಣೆಯನ್ನು ಬದಿಗೆ ಸರಿಸಿತು. ಉಣ್ಣೆ ಬಿಸಿ ಕೊಡುತ್ತದೆ, ಅದನ್ನು ಸುತ್ತಿದರೆ ಮಂಜುಗಡ್ಡೆ ಬೇಗ ಕರಗುತ್ತದೆ ಎಂಬುದು ಅವರ ತರ್ಕ. ಚಳಿಗಾಲವಿಡೀ ಕೋಟು ತೊಟ್ಟು ಓಡಾಡುವ ಮಕ್ಕಳಿಗೆ ಅದು ತೀರ ಸಹಜವಾದ ತರ್ಕ. ತಣ್ಣಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆಯೇ ಗೆಲ್ಲುತ್ತದೆ ಎಂದು ಹೆಚ್ಚಿನವರು ಪಣ ತೊಟ್ಟರು. ಶಿಕ್ಷಕಿ ತಿದ್ದಲಿಲ್ಲ. ಒಂದೇ ಗಾತ್ರದ ಮಂಜುಗಡ್ಡೆಗಳನ್ನು ಒಂದೇ ಬಗೆಯ ಮುಚ್ಚಳದ ಲೋಟಗಳಲ್ಲಿಟ್ಟು, ಒಂದಕ್ಕೆ ಉಣ್ಣೆಯ ಕಾಲುಚೀಲ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ, ಒಂದಕ್ಕೆ ಕಾಗದ ಸುತ್ತಿ, ಒಂದನ್ನು ಹಾಗೆಯೇ ಬಿಟ್ಟೆವು. ಕಾಯುವ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಊಹೆಯನ್ನೂ ಅದರ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆದರು. ಆಮೇಲೆ ಕರಗಿದ ನೀರನ್ನು ಅಳತೆ ಜಾಡಿಗೆ ಸುರಿದಾಗ ಎಲ್ಲಕ್ಕಿಂತ ಕಡಿಮೆ ನೀರು ಬಂದದ್ದು ಉಣ್ಣೆ ಸುತ್ತಿದ ಲೋಟದಿಂದ. ಜಾಡಿಯ ಗೆರೆಯನ್ನು ನಂಬದೆ ಒಬ್ಬ ಹುಡುಗ ನೀರನ್ನು ಎರಡನೆಯ ಸಲ ಅಳೆದ. ಶಾಖ ಹೇಗೆ ಸಾಗುತ್ತದೆ ಎಂಬ ಮಾಹಿತಿಪುಸ್ತಕ ಮೇಜಿಗೆ ಬಂದದ್ದು ಆಗ. ಉಣ್ಣೆಯ ಎಳೆಗಳ ನಡುವೆ ಸಿಕ್ಕ ಗಾಳಿ ಶಾಖದ ಓಡಾಟವನ್ನು ನಿಧಾನಗೊಳಿಸುತ್ತದೆ, ಆದ್ದರಿಂದ ಮೈಯ ಬಿಸಿ ಹೊರಹೋಗದಂತೆ ತಡೆಯುವ ಬಟ್ಟೆಯೇ ಹೊರಗಿನ ಬಿಸಿ ಒಳಬಾರದಂತೆಯೂ ತಡೆಯುತ್ತದೆ ಎಂಬ ಒಂದು ಪ್ಯಾರಾವನ್ನು ಆ ಹುಡುಗ ಬೆರಳಿಟ್ಟು ಓದಿ, ಪಕ್ಕದವಳಿಗೆ ಓದಿ ಹೇಳಿ, ಕೊನೆಗೆ ತನ್ನ ಹಳೆಯ ಊಹೆಯ ಕೆಳಗೆ ಹೊಸ ಕಾರಣವನ್ನು ಬರೆದ. ಹಳೆಯದನ್ನು ಅಳಿಸಬಾರದು ಎಂಬುದು ನಮ್ಮ ತರಗತಿಯ ನಿಯಮ.

ಕಥೆಯಿಂದ ಎಂಜಿನಿಯರಿಂಗ್ ಕಲಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು. 2003ರಲ್ಲಿ ಶುರುವಾದ ಅವರ ಯೋಜನೆಯ ಪ್ರತಿ ಘಟಕಕ್ಕೂ ಒಂದು ಕಥೆಪುಸ್ತಕವಿದೆ. ಬೇರೆ ಬೇರೆ ದೇಶಗಳ ಮಕ್ಕಳು ಅದರಲ್ಲಿ ಸಮಸ್ಯೆಯೊಂದನ್ನು ಎದುರಿಸುತ್ತಾರೆ. ಪ್ರಶ್ನೆ ಕೇಳು, ಕಲ್ಪಿಸಿಕೊ, ಯೋಜಿಸು, ಮಾಡು, ಸುಧಾರಿಸು ಎಂಬ ಐದು ಹೆಜ್ಜೆಗಳನ್ನು ಮಕ್ಕಳು ಪಾತ್ರಗಳ ಜೊತೆಗೇ ಇಡುತ್ತಾರೆ. ನೀರಿನ ಶೋಧಕದ ಘಟಕದ ನಾಯಕಿ ಗಂಗೆಯ ಹತ್ತಿರದ ಒಬ್ಬ ಹುಡುಗಿ. ಮಲಿನವಾದ ನೀರಿನಲ್ಲಿ ಸಿಕ್ಕ ಆಮೆಯನ್ನು ಉಳಿಸಬೇಕೆಂಬುದು ಅವಳ ಚಿಂತೆ. ಈ ಘಟಕವನ್ನು ಮಾಡುವಾಗ ನಮ್ಮ ಮಕ್ಕಳು ಮಣ್ಣು ಮತ್ತು ಚಹಾ ಬೆರೆಸಿದ ನೀರನ್ನು ಮರಳು, ಜಲ್ಲಿ, ಹತ್ತಿಗಳ ಮೂಲಕ ಹಾಯಿಸಿದರು. ಮಣ್ಣು ನಿಂತಿತು, ಚಹಾದ ಬಣ್ಣ ನಿಲ್ಲಲಿಲ್ಲ. ಕದಡಿದ ವಸ್ತು ಬೇರೆ, ಕರಗಿದ ವಸ್ತು ಬೇರೆ ಎಂಬ ಪುಟಕ್ಕೆ ಅವರನ್ನು ಕರೆತಂದದ್ದು ಆ ಕಂದು ಬಣ್ಣವೇ. ತಿಳಿಯಾಗಿ ಕಂಡ ನೀರಿನಲ್ಲೂ ರೋಗಾಣುಗಳು ಇರಬಹುದು, ಅದನ್ನು ಕುಡಿಯಬಾರದು ಎಂಬುದನ್ನು ಸಹ ಅವರು ಓದಿಯೇ ತಿಳಿಯಬೇಕಾಯಿತು. ಕೈಯಿಂದ ಮಾಡುವ ಪ್ರಯೋಗ ತೋರಿಸಲಾರದ್ದನ್ನು ಪುಸ್ತಕ ತೋರಿಸುವ ಜಾಗ ಇದು.

ಇದರಿಂದ ಓದು ಹಿಂದೆ ಬೀಳುವುದಿಲ್ಲವೇ ಎಂದು ಪೋಷಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಲಾರೆನ್ಸ್ ಹಾಲ್ ಆಫ್ ಸೈನ್ಸ್ ಸಂಸ್ಥೆಯವರು 'ಮಾಡು, ಮಾತಾಡು, ಓದು, ಬರೆ' ಎಂಬ ಸೂತ್ರದ ಮೇಲೆ ಓದನ್ನೂ ವಿಜ್ಞಾನವನ್ನೂ ಬೆಸೆದ ಪಾಠಗಳನ್ನು ರೂಪಿಸಿದ್ದರು. ಬೆಳಕಿನ ಬಗೆಗಿನ ಅಂಥ ಪಾಠವನ್ನು ನಾಲ್ಕನೆಯ ತರಗತಿಯ 94 ಶಿಕ್ಷಕರ ನೆರವಿನಿಂದ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ವಿಜ್ಞಾನದ ತಿಳಿವಳಿಕೆ, ಪದಸಂಪತ್ತು, ಬರವಣಿಗೆ ಮೂರರಲ್ಲೂ ಈ ಮಕ್ಕಳು, ಓದನ್ನೂ ವಿಜ್ಞಾನವನ್ನೂ ಬೇರೆ ಬೇರೆಯಾಗಿ ಕಲಿತ ಇನ್ನೊಂದು ಗುಂಪಿನ ಮಕ್ಕಳಿಗಿಂತ ಮುಂದಿದ್ದರು. ವಿಜ್ಞಾನದ ಓದಿನಲ್ಲಿ ಮಾತ್ರ ಎರಡೂ ಗುಂಪುಗಳ ಪ್ರಗತಿ ಹೆಚ್ಚುಕಡಿಮೆ ಸಮವಾಗಿತ್ತು. ಓದು ಅದ್ಭುತವಾಗಿ ಸುಧಾರಿಸಿತು ಎಂದು ಇದನ್ನು ಉಬ್ಬಿಸಿ ಹೇಳುವುದು ಸರಿಯಲ್ಲ. ಓದು ಕೆಡಲಿಲ್ಲ, ವಿಜ್ಞಾನ ಬೆಳೆಯಿತು ಎಂಬುದೇ ನನ್ನ ಮಟ್ಟಿಗೆ ಸಾಕಷ್ಟು ದೊಡ್ಡ ಮಾತು.

ಕೆಡುವ ದಾರಿಗಳೂ ಇವೆ. ಕಥೆ ಓದಿ, ಅಂಟು ಮತ್ತು ಐಸ್‌ಕ್ರೀಮ್ ಕಡ್ಡಿ ಕೊಟ್ಟು ಸೇತುವೆ ಮಾಡಿಸಿ, ಅದು ಎಷ್ಟು ಭಾರ ಹೊರುತ್ತದೆ ಎಂದು ಪರೀಕ್ಷಿಸದೆ ಗೋಡೆಯ ಬಳಿ ಪ್ರದರ್ಶನಕ್ಕಿಟ್ಟರೆ ಅದು ಕರಕುಶಲ ಕಲೆಯೇ ಹೊರತು ಎಂಜಿನಿಯರಿಂಗ್ ಅಲ್ಲ. ವಿಫಲವಾದ ಮಾದರಿಯನ್ನು ತಿದ್ದಲು ಎರಡನೆಯ ದಿನ ಸಿಗಲೇಬೇಕು, ಆದರೆ ವೇಳಾಪಟ್ಟಿ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಆ ದಿನಕ್ಕೆ. ಪ್ರಾಣಿಗಳು ಮನುಷ್ಯರಂತೆ ಯೋಚಿಸುವ ಚಿತ್ರಪುಸ್ತಕಗಳಿಂದ ಜೀವವಿಜ್ಞಾನ ಕಲಿಸಲು ಹೊರಟಾಗ ತಪ್ಪು ಕಲ್ಪನೆಗಳು ನುಸುಳುತ್ತವೆ. ಅಲ್ಲಿ ಶಿಕ್ಷಕಿ ತಡೆದು, ಇದರಲ್ಲಿ ಯಾವುದು ಕಥೆ, ಯಾವುದು ನಿಜ ಎಂದು ಮಕ್ಕಳನ್ನೇ ಕೇಳಬೇಕಾಗುತ್ತದೆ.

ಊರಿನಲ್ಲಿ ಶಿಕ್ಷಕರಾಗಿರುವ ಕೆಲವು ಗೆಳತಿಯರು ಇದಕ್ಕೆ ತುಂಬಾ ಖರ್ಚಾಗುವುದಿಲ್ಲವೇ ಎಂದು ವಿಚಾರಿಸಿದ್ದಾರೆ. ಮರಳು, ಹತ್ತಿ, ಲೋಟ, ಹಳೆಯ ಕಾಲುಚೀಲ, ಇಷ್ಟೇ ಸಾಮಗ್ರಿ. ನಿಜವಾಗಿ ಖರ್ಚಾಗುವುದು ಶಿಕ್ಷಕರ ಸಮಯ. ಪ್ರತಿ ಘಟಕಕ್ಕೂ ಮುಂಚೆ ನಮ್ಮಲ್ಲಿ ಆ ತರಗತಿಯ ಶಿಕ್ಷಕರೆಲ್ಲ ಮಕ್ಕಳು ಮನೆಗೆ ಹೋದ ಮೇಲೆ ಒಟ್ಟಿಗೆ ಕುಳಿತು, ಪ್ರಯೋಗವನ್ನು ತಾವೇ ಮಾಡಿ, ಪುಸ್ತಕವನ್ನು ತಾವೇ ಓದಿ, ಯಾವ ಪುಟವನ್ನು ಯಾವ ಪ್ರಶ್ನೆ ಎದ್ದ ಮೇಲೆ ತೆರೆಯಬೇಕೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ.