ಗಂಡಸರ ಪಂಚಮ, ಹೆಂಗಸರ ಷಡ್ಜ: ಕೊನೆಗೂ ಗಾಂಧಾರ ಕೂತಿತು

ಭಾನುವಾರ ಸಂಜೆ 7 ಗಂಟೆ ಹೊತ್ತಿಗೆ ನಮ್ಮ ಹಾಡುವ ಗುಂಪಿನ ಮಳೆ ಹಾಡಿನಲ್ಲಿ ಎರಡನೇ ಚರಣದ ಗಾಂಧಾರ (ಗ ಸ್ವರ) ಸರಿಯಾಗಿ ಕೂತಿತು. 15 ಜನ ಹೆಂಗಸರು, ಒಂದೇ ಗಾಂಧಾರ. ಹಾರ್ಮೋನಿಯಂ ಮೇಷ್ಟ್ರು ತಿದಿ ಒತ್ತುವುದನ್ನೇ ನಿಲ್ಲಿಸಿ ಕೇಳುತ್ತಾ ಕೂತುಬಿಟ್ಟರು. ಗಣೇಶನ ಹಬ್ಬದಿಂದ ನಮ್ಮನ್ನು ಕಾಡಿದ ಜಾಗ ಅದು. ಮರೆಯುವ ಮೊದಲು ಎಲ್ಲ ಬರೆದಿಡುತ್ತಿದ್ದೇನೆ.

ಈ ಸೀಸನ್ನಿನ ಪಟ್ಟಿ ಹೀಗಿದೆ. ಗಣೇಶನ ಪೆಂಡಾಲ್ ಆಯಿತು. ದಸರಾ ರಜೆಯಲ್ಲಿ ಒಂದು ವೃದ್ಧಾಶ್ರಮದಲ್ಲೂ ಹಾಡಿದೆವು. ಮುಂದೆ ನವೆಂಬರ್ 1ಕ್ಕೆ ನಮ್ಮ ಬಡಾವಣೆಯ ರಾಜ್ಯೋತ್ಸವ, ಆಮೇಲೆ ತಿಂಗಳಿಡೀ ಶನಿವಾರಕ್ಕೊಂದು ಕಡೆ. ಸಾಹಿತ್ಯ ಬಾಯಿಪಾಠ, ತಾಳ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಗೊತ್ತುಮಾಡಿತಲ್ವಾ, ನಾವು 2 ನಿಮಿಷ 34 ಸೆಕೆಂಡಿಗೆ ಬಂದಿದ್ದೇವೆ. ಇನ್ನು 4 ಸೆಕೆಂಡು ಬಾಕಿ. ಅದು ಆಗುತ್ತದೆ.

ಆಗದೇ ಇದ್ದದ್ದು ಮಳೆ ಹಾಡು. ನಮ್ಮ ಗುಂಪಿನ ನಿವೃತ್ತ ಟೀಚರ್ ಒಬ್ಬರು ಬರೆದದ್ದು, ಸ ರಿ ಗ ಪ ದ ಅನ್ನುವ ಐದೇ ಸ್ವರದ ಮೋಹನ ರಾಗದಲ್ಲಿ ನಾವೇ ಕೂತು ಧಾಟಿ ಹಾಕಿದ್ದು.

ಗಂಡಸರು, ಹೆಂಗಸರು ಸೇರಿ ಹಾಡುವ ಯಾವ ಗುಂಪಿಗೂ ಶ್ರುತಿಯ, ಅಂದರೆ ಸ ಎಲ್ಲಿ ಹಿಡಿಯಬೇಕು ಅನ್ನುವ, ತಲೆನೋವು ತಪ್ಪಿದ್ದಲ್ಲ. ನಮ್ಮ 9 ಗಂಡಸರಿಗೆ ಒಂದೂವರೆ (ಹಾರ್ಮೋನಿಯಂನ C#) ಹಿತ, ಹೆಂಗಸರಿಗೆ ಐದೂವರೆ (G#). ಎಲ್ಲರೂ ಒಂದೂವರೆಯಲ್ಲಿ ಹಾಡಿದರೆ ತಾರಸ್ಥಾಯಿಯ ಎತ್ತರದ ಸ್ವರಗಳಲ್ಲಿ ಹೆಂಗಸರ ಗಂಟಲು ಕಿರುಚುತ್ತದೆ. ಐದೂವರೆ ಹಿಡಿದರೆ ಗಂಡಸರ ದನಿ ಪಾತಾಳದಲ್ಲಿ ಗೊಣಗಿದ ಹಾಗೆ ಕೇಳುತ್ತದೆ. ಎಷ್ಟೋ ಗುಂಪುಗಳು ಮಧ್ಯದಲ್ಲಿ ಮೂರೋ ನಾಲ್ಕೋ ಹಿಡಿಯುತ್ತವೆ. ಅದರಲ್ಲಿ ಯಾರ ದನಿಯೂ ಪೂರ್ತಿ ಅರಳುವುದಿಲ್ಲ. ಹಾಡಲು ಬರುವವರು ದಿನವಿಡೀ ದುಡಿದು ಸಂಜೆ ಬರುತ್ತಾರೆ, ಅವರ ದನಿ ಅವರ ಜಾಗದಲ್ಲೇ ಕೇಳಬೇಕು ಅನ್ನುವುದು ನನ್ನ ಹಟ. ಅದಕ್ಕೇ ಈ ಹಾಡಲ್ಲಿ ಮೊದಲ ಚರಣ ಗಂಡಸರಿಗೆ ಒಂದೂವರೆಯಲ್ಲಿ, ಎರಡನೆಯದು ಹೆಂಗಸರಿಗೆ ಐದೂವರೆಯಲ್ಲಿ ಅಂತ ಮಾಡಿದೆವು. ನಡುವೆ 8 ಆವರ್ತ (ತಾಳದ 8 ಸುತ್ತು) ಹಾರ್ಮೋನಿಯಂ, ಅಷ್ಟರಲ್ಲಿ ಶ್ರುತಿ ಬದಲಾಗಬೇಕು. ಎಲೆಕ್ಟ್ರಾನಿಕ್ ತಂಬೂರಿಯೂ ಎರಡು ಇಟ್ಟುಕೊಂಡೆವು.

ಪೆಂಡಾಲಿನಲ್ಲಿ ಹಾಡಿದಾಗ ಎರಡನೇ ಚರಣ ಮೋಹನ ಆಗಿರಲೇ ಇಲ್ಲ. ಅಪಶ್ರುತಿ ಅಂತಲೂ ಅನ್ನಿಸಲಿಲ್ಲ, ಚೆನ್ನಾಗೇ ಇತ್ತು, ಆದರೆ ಬೇರೆ ಏನೋ ಆಗಿತ್ತು. ರೆಕಾರ್ಡಿಂಗ್ ಹತ್ತು ಸಲ ಕೇಳಿದ ಮೇಲೆ ಗೊತ್ತಾಯಿತು, ಹೆಂಗಸರು ಗಾಂಧಾರದ ಜಾಗದಲ್ಲಿ ಅದಕ್ಕಿಂತ ಅರ್ಧ ಸ್ವರ ಮೇಲಿನ ಶುದ್ಧ ಮಧ್ಯಮ (ಮ) ಹಿಡಿಯುತ್ತಿದ್ದರು. ಸ ರಿ ಮ ಪ ದ. ಅಂದರೆ ಶುದ್ಧ ಸಾವೇರಿ, ಬೇರೆಯದೇ ರಾಗ!

ಇಷ್ಟು ಜನ ಒಟ್ಟಿಗೆ ಒಂದೇ ತಪ್ಪು ಮಾಡಿದರೆ ಅದು ತಪ್ಪಲ್ಲ, ಅದಕ್ಕೊಂದು ಕಾರಣ ಇರಲೇಬೇಕು. ಮೊದಲು ನನಗೆ ಅನುಮಾನ ಬಂದದ್ದು ಹಾರ್ಮೋನಿಯಂ ಮೇಲೆ. ಐದೂವರೆಯ ಗಾಂಧಾರ ಬರುವುದು ಬಿಳಿ ಒಂದರ (C) ಮನೆಯಲ್ಲಿ. ಟ್ಯೂನರ್ ಆ್ಯಪ್ ಇಟ್ಟು ನೋಡಿದರೆ ಆ ರೀಡು 18 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್) ಮೇಲಿದೆ. ಆಗಸ್ಟಿನಲ್ಲಿ ರಿಪೇರಿಗೆ ಕೊಟ್ಟಿದ್ದೆವು, ಅಲ್ಲಿ ತುಕ್ಕು ತೆಗೆಯಲು ಹೋಗಿ ರೀಡಿನ ತುದಿಯನ್ನೇ ಜಾಸ್ತಿ ಕೆರೆದಿದ್ದಾರೆ. ತುದಿ ಹಗುರ ಆದರೆ ಸ್ವರ ಏರುತ್ತದೆ, ಅದು ರಿಪೇರಿ ಮಾಡುವವರಿಗೆ ಗೊತ್ತಿರಬೇಕಲ್ವಾ? 1,800 ರೂಪಾಯಿ ತೆಗೆದುಕೊಂಡು, ಮೂರು ವಾರ ಸತಾಯಿಸಿ, ಇದ್ದ ಶ್ರುತಿಯನ್ನೂ ಕೆಡಿಸಿ ಕೊಟ್ಟರು. ಮೇಷ್ಟ್ರೇ ರೀಡಿನ ಬುಡದ ಕಡೆ ಒಂಚೂರು ಕೆರೆದು ಇಳಿಸಿದರು. ಎರಡು ಸಂಜೆ ಹಿಡಿಯಿತು.

ಆದರೂ ವೃದ್ಧಾಶ್ರಮದಲ್ಲಿ ಮತ್ತೆ ಶುದ್ಧ ಸಾವೇರಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಗದದ ಮೇಲೆ ಎರಡು ಮೋಹನವನ್ನೂ ಒಂದರ ಕೆಳಗೆ ಒಂದು ಬರೆದು ನೋಡಿದಾಗ ಗುಟ್ಟು ಕಂಡಿತು. ಒಂದೂವರೆಯ ಮೋಹನಕ್ಕೂ ಐದೂವರೆಯ ಮೋಹನಕ್ಕೂ ಐದರಲ್ಲಿ ನಾಲ್ಕು ಸ್ವರ ಒಂದೇ. ಬೇರೆ ಆಗುವುದು ಒಂದೇ ಒಂದು: ಗಂಡಸರ ಷಡ್ಜದ (ಸ) ಬದಲು, ಅದಕ್ಕಿಂತ ಅರ್ಧ ಸ್ವರ ಕೆಳಗೆ, ಹೆಂಗಸರ ಗಾಂಧಾರ ಬರಬೇಕು. ಒಂದು ರಾಗದ ಬೇರೆ ಸ್ವರವನ್ನು ಸ ಅಂತ ಹಿಡಿದು ಇನ್ನೊಂದು ರಾಗ ತೆಗೆಯುವುದಕ್ಕೆ ಗ್ರಹಭೇದ ಅನ್ನುತ್ತಾರೆ; ಅದರಲ್ಲಿ ಮೋಹನದ ಪಂಚಮವನ್ನೇ (ಪ) ಷಡ್ಜ ಮಾಡಿಕೊಂಡರೆ ಶುದ್ಧ ಸಾವೇರಿ ಹುಟ್ಟುತ್ತದೆ ಅಂತ ಸಂಗೀತ ಕಲಿತವರು ಓದಿರುತ್ತೇವೆ. ಇಲ್ಲಿ ಅದೇ ನಡೆದಿತ್ತು. ಗಂಡಸರು ಚರಣ ಮುಗಿಸಿ ತಮ್ಮ ಷಡ್ಜವನ್ನು ಎರಡು ಆವರ್ತ ಎಳೆದು ನಿಲ್ಲಿಸುತ್ತಿದ್ದರು. ನಾನೇ ಹಾಗೆ ಮಾಡಿ ಅಂದಿದ್ದೆ, ಭವ್ಯವಾಗಿ ಕೇಳುತ್ತದೆ ಅಂತ. ಆ ಷಡ್ಜ ಹೆಂಗಸರ ಕಿವಿಯಲ್ಲಿ ಗಟ್ಟಿಯಾಗಿ ಉಳಿದುಬಿಡುತ್ತಿತ್ತು. ಗಾಂಧಾರದ ಹತ್ತಿರ ಬಂದಾಗ ದನಿ ತಾನಾಗಿ ಅಲ್ಲಿಗೇ, ಅಂದರೆ ಅವರ ಶ್ರುತಿಯ ಮಧ್ಯಮಕ್ಕೇ, ಹೋಗಿ ಕೂರುತ್ತಿತ್ತು.

ಭಾನುವಾರ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಎರಡನೇ ಸಾಲಿನಲ್ಲಿ ನಿಲ್ಲುವ ಪಿಯುಸಿ ಹುಡುಗಿ ಕೈ ಎತ್ತಿದಳು. "ಅಕ್ಕಾ, ಅಂಕಲ್‌ಗಳು ಸ ಮೇಲೆ ಯಾಕೆ ನಿಲ್ಲಿಸಬೇಕು? ಪ ಮೇಲೆ ನಿಲ್ಲಿಸಿದ್ರೆ ಅದೇ ನಮ್ಮ ಸ ಅಲ್ವಾ?"

ಹೌದು! ಗಂಡಸರ ಮಧ್ಯಸ್ಥಾಯಿಯ ಪಂಚಮ, ಹೆಂಗಸರ ಷಡ್ಜ, ಎರಡೂ ಒಂದೇ ಸ್ವರ, ಸ್ಥಾಯಿ ಕೂಡ ಒಂದೇ. ಕೊನೆಯ ಸಾಲನ್ನು ತಿರುಗಿಸಿ ಪಂಚಮಕ್ಕೆ ತಂದು ಬಿಟ್ಟೆವು. ಅವರ ದನಿ ಇನ್ನೂ ಇರುವಾಗಲೇ ಹೆಂಗಸರು ಅದೇ ಸ್ವರವನ್ನು ಗುನುಗುತ್ತಾ ತೆಗೆದುಕೊಂಡರು. ಒಂದೂವರೆ ತಂಬೂರಿ ಅಲ್ಲೇ ಬಂದ್, ಐದೂವರೆ ಶುರು. ಹಾರ್ಮೋನಿಯಂ 8 ಆವರ್ತ ಬೇಕೇ ಆಗಲಿಲ್ಲ, ಎರಡು ಸಾಕಾಯಿತು. ಗಾಂಧಾರ ತಾನಾಗಿ ಬಂತು. ನಾಲ್ಕು ಸಲ ಹಾಡಿದೆವು, ನಾಲ್ಕೂ ಸಲ ಬಂತು. ಬೇಸ್ ದನಿಯ ಅಂಕಲ್ ಒಬ್ಬರು "ನಮ್ಮ ಕೈಯಿಂದ ಅವರ ಕೈಗೆ ದೀಪ ಕೊಟ್ಟ ಹಾಗಾಯ್ತಮ್ಮ" ಅಂದರು. ನನಗೆ ಕಣ್ಣು ತುಂಬಿ ಬಂತು.

ಈ ಖುಷಿಯಲ್ಲಿ ಸಂಕ್ರಾಂತಿಯ ಯೋಚನೆಯೂ ಶುರುವಾಗಿದೆ. ಬೀಸುವ ಪದ! ಹೆಂಗಸರು ಮುಂದೆ, ಗಂಡಸರು ಬರೀ ಸೊಲ್ಲು ಹಿಡಿಯುವುದು, ವೇದಿಕೆ ಮೇಲೆ ನಿಜವಾದ ಬೀಸೋಕಲ್ಲು, ಅದರ ಗರಗರ ಸದ್ದೇ ತಾಳ. ಕಲ್ಲಿಗೆ ಮೈಕ್ ಎಲ್ಲಿಡುವುದು ಅಂತ ಯಾರಾದರೂ ಮಾಡಿ ನೋಡಿದ್ದರೆ ಹೇಳಿ. ರಾಗಿ ನಾನೇ ತರುತ್ತೇನೆ. ಬಿದ್ದ ಹಿಟ್ಟಿಗೆ ಆಗಲೇ ಮೂರು ಜನ ಮುದ್ದೆ ಲೆಕ್ಕ ಹಾಕಿದ್ದಾರೆ.

ಸದ್ಯಕ್ಕೆ ಉಳಿದಿರುವುದು ಕೊನೆಯ ಪಲ್ಲವಿ. ಅದನ್ನು ಎಲ್ಲರೂ ಐದೂವರೆಯಲ್ಲೇ ಹಾಡುತ್ತೇವೆ. ಸ ಇಂದ ಪ ತನಕ ಮಾತ್ರ ಇರುವುದರಿಂದ ಗಂಡಸರು ಒಂದು ಸ್ಥಾಯಿ ಕೆಳಗೆ ಸಲೀಸಾಗಿ ಹಾಡುತ್ತಾರೆ, ಆದರೆ ಆ ತಗ್ಗು ದನಿಗೆ ಅವರದೇ ಮೈಕ್ ಬೇಕು. ಸೌಂಡ್‌ನವರು 8 ಮೈಕ್ ಅಂತ ಮುಂಗಡ ತೆಗೆದುಕೊಂಡು, ಈಗ ನವೆಂಬರ್ 1ಕ್ಕೆ ಬೀದಿಗೊಂದು ಕಾರ್ಯಕ್ರಮ ಇದೆ, ನಾಲ್ಕೇ ಕೊಡೋದು ಅನ್ನುತ್ತಿದ್ದಾರೆ. ನಾಳೆ ಬೆಳಗ್ಗೆ ಅವರ ಅಂಗಡಿಗೆ ಹೋಗುತ್ತೇನೆ. ಆರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ: ನಾಲ್ಕು ಹೆಂಗಸರಿಗೆ, ಎರಡು ಗಂಡಸರಿಗೆ. ಪ್ರಾಕ್ಟೀಸ್ ಬುಧವಾರ ಸಂಜೆ ಆರೂವರೆಗೆ, ಎರಡೂ ತಂಬೂರಿ ಚಾರ್ಜ್ ಮಾಡಿಕೊಂಡು.